ಮಲೇರಿಯಾದ ಲೆಕ್ಕ: ಎಣಿಸಿದ್ದೆಷ್ಟು, ಅಂದಾಜಿಸಿದ್ದೆಷ್ಟು

2019ರಲ್ಲಿ ಮಲೇರಿಯಾದಿಂದ ಜಗತ್ತಿನಲ್ಲಿ ಎಷ್ಟು ಜನ ಸತ್ತರು ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆಯ ವರದಿಗಳಲ್ಲಿ ಎರಡು ಉತ್ತರಗಳಿವೆ. 2020ರ ವರದಿ 4.09 ಲಕ್ಷ ಎನ್ನುತ್ತದೆ. 2021ರ ವರದಿ ಅದೇ ವರ್ಷಕ್ಕೆ 5.58 ಲಕ್ಷ ಎನ್ನುತ್ತದೆ. ಈ ಎರಡು ವರದಿಗಳ ನಡುವಿನ ಅವಧಿಯಲ್ಲಿ ಒಂದೂವರೆ ಲಕ್ಷ ಮರೆತುಹೋದ ಸಾವುಗಳು ಯಾವ ಆಸ್ಪತ್ರೆಯ ಕಡತದಿಂದಲೂ ಹೊರಬಂದಿರಲಿಲ್ಲ. ಬದಲಾದದ್ದು ಲೆಕ್ಕ ಹಾಕುವ ವಿಧಾನ. ಐದು ವರ್ಷದೊಳಗಿನ ಮಕ್ಕಳ ಒಟ್ಟು ಸಾವುಗಳಲ್ಲಿ ಮಲೇರಿಯಾದ ಪಾಲು ಎಷ್ಟೆಂದು ಅಂದಾಜಿಸುವ ಸಂಖ್ಯಾಶಾಸ್ತ್ರೀಯ ಮಾದರಿಯನ್ನು, ಅಂದರೆ ಲೆಕ್ಕದ ಸೂತ್ರಗಳ ಚೌಕಟ್ಟನ್ನು, ಪರಿಷ್ಕರಿಸಿದಾಗ ಆ ಪಾಲು ಹಿಂದೆ ತಿಳಿದಿದ್ದಕ್ಕಿಂತ ಹೆಚ್ಚೆಂದು ಕಂಡುಬಂತು, ಅದರೊಂದಿಗೆ ಹಳೆಯ ವರ್ಷಗಳ ಅಂಕಿಗಳೂ ತಿದ್ದುಪಡಿಗೊಂಡವು.

ಇದನ್ನು ಹಗರಣವೆಂದು ಭಾವಿಸಬೇಕಾಗಿಲ್ಲ. ಆದರೆ ಪತ್ರಿಕೆಗಳಲ್ಲಿ ನಾವು ಓದುವ ಮಲೇರಿಯಾದ ಅಂಕಿಗಳು ಯಾವ ಜಾತಿಗೆ ಸೇರಿದವು ಎಂಬುದನ್ನು ಈ ಪ್ರಸಂಗ ಚೆನ್ನಾಗಿ ತೋರಿಸುತ್ತದೆ. 2023ರಲ್ಲಿ 26.3 ಕೋಟಿ ಪ್ರಕರಣಗಳು, 5.97 ಲಕ್ಷ ಸಾವುಗಳು, ಅವುಗಳಲ್ಲಿ ನೂರಕ್ಕೆ ತೊಂಬತ್ತನಾಲ್ಕು ತೊಂಬತ್ತೈದರಷ್ಟು ಆಫ್ರಿಕಾ ವಲಯದಲ್ಲಿ ಎಂದು ವರದಿಯಾಯಿತು. ಈ 26.3 ಕೋಟಿ ಜನರನ್ನು ಯಾರೂ ಒಬ್ಬೊಬ್ಬರಾಗಿ ಎಣಿಸಿಲ್ಲ. ಸಿಕ್ಕಷ್ಟು ಎಣಿಕೆಗಳನ್ನು ಆಧಾರವಾಗಿಟ್ಟುಕೊಂಡು, ಸಿಗದೆ ಉಳಿದವುಗಳ ಬಗ್ಗೆ ಶಿಸ್ತಿನಿಂದ ಊಹೆ ಮಾಡಿ ಈ ಸಂಖ್ಯೆಯನ್ನು ತಲುಪಲಾಗಿದೆ. ಆ ಶಿಸ್ತು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಬಿಡಿಸಿ ನೋಡದೆ ಮಲೇರಿಯಾ ಹೆಚ್ಚುತ್ತಿದೆ ಅಥವಾ ಇಳಿಯುತ್ತಿದೆ ಎಂಬ ಯಾವ ಹೇಳಿಕೆಯನ್ನೂ ತೂಗಿ ನೋಡಲು ಆಗುವುದಿಲ್ಲ.

ನೇರವಾಗಿ ಏಕೆ ಎಣಿಸಬಾರದು ಎಂದು ಕೇಳಬಹುದು. ಜ್ವರ ಬಂದವರೆಲ್ಲರೂ ಆಸ್ಪತ್ರೆಗೆ ಹೋಗುವುದಿಲ್ಲ. ಅಂಗಡಿಯಿಂದ ಮಾತ್ರೆ ತಂದು ನುಂಗಿದವರ ಹೆಸರು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಮತ್ತೆ ಮತ್ತೆ ಸೋಂಕಿಗೆ ಒಳಗಾಗಿ ಸ್ವಲ್ಪಮಟ್ಟಿನ ರೋಗನಿರೋಧಕ ಶಕ್ತಿ ಪಡೆದ ವಯಸ್ಕರ ರಕ್ತದಲ್ಲಿ ರೋಗಾಣುವಿದ್ದರೂ ಅವರಿಗೆ ಜ್ವರವೇ ಬರುವುದಿಲ್ಲ, ಆದರೆ ಅವರನ್ನು ಕಚ್ಚಿದ ಸೊಳ್ಳೆಗೆ ಸೋಂಕು ದಾಟಬಲ್ಲದು. ಅಂಥವರ ರಕ್ತದಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆಯಿದ್ದಾಗ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತಪ್ಪಿಹೋಗುತ್ತದೆ. ಬೆರಳ ತುದಿಯ ಹನಿ ರಕ್ತದಿಂದ ಕಾಲು ಗಂಟೆಯಲ್ಲಿ ಫಲಿತಾಂಶ ಕೊಡುವ ರ‍್ಯಾಪಿಡ್ ಟೆಸ್ಟ್ ಕಿಟ್‌ಗಳಿಗೂ ತಮ್ಮದೇ ಕುಂದುಗಳಿವೆ. ಅವುಗಳಲ್ಲಿ ಹೆಚ್ಚಿನವು ರೋಗಾಣು ತಯಾರಿಸುವ ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ಹುಡುಕುತ್ತವೆ. ಈ ಪ್ರೋಟೀನು ಚಿಕಿತ್ಸೆ ಮುಗಿದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿದು ಇಲ್ಲದ ಸೋಂಕನ್ನು ಇದೆಯೆಂದು ತೋರಿಸಬಹುದು. ಇನ್ನೊಂದೆಡೆ, ಈ ಪ್ರೋಟೀನಿನ ವಂಶವಾಹಿಯನ್ನೇ ಕಳೆದುಕೊಂಡ ರೋಗಾಣುಗಳು ಎರಿಟ್ರಿಯಾ, ಇಥಿಯೋಪಿಯಾ ಮೊದಲಾದ ಕಡೆ ಹರಡಿರುವುದರಿಂದ ಇರುವ ಸೋಂಕೂ ಕಿಟ್‌ನ ಕಣ್ಣಿಗೆ ಬೀಳದಿರಬಹುದು. ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾದ ತೊಡಕು ಬೇರೆ ತರಹದ್ದು. ಅದರ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿದ್ದು ಮತ್ತೆ ಎಚ್ಚರಗೊಳ್ಳುತ್ತದೆ. ಆಗ ಬಂದ ಜ್ವರ ಹೊಸ ಸೊಳ್ಳೆ ಕಡಿತದ ಫಲವೋ ಹಳೆಯ ಸೋಂಕು ಮರುಕಳಿಸಿದ್ದೋ ಎಂಬುದನ್ನು ಸಾಮಾನ್ಯ ರಕ್ತಪರೀಕ್ಷೆ ಹೇಳಲಾರದು.

ದಾಖಲಾದ ಅಂಕಿಯನ್ನು ಹಾಗೆಯೇ ನಂಬಿದರೆ ಆಗುವ ಮೋಸಕ್ಕೆ ಒಂದು ಕಾಲ್ಪನಿಕ ಲೆಕ್ಕ ಸಾಕು. ಹತ್ತು ಸಾವಿರ ಜನರಿರುವ ಒಂದು ಪ್ರದೇಶದಲ್ಲಿ ಒಂದು ವರ್ಷ ಸಾವಿರ ಜನರ ರಕ್ತ ಪರೀಕ್ಷಿಸಿ 50 ಮಂದಿಯಲ್ಲಿ ಮಲೇರಿಯಾ ಪತ್ತೆಯಾಯಿತೆನ್ನೋಣ. ಮರುವರ್ಷ ಸಿಬ್ಬಂದಿ ಕಡಿಮೆಯಾಗಿ 400 ಜನರ ಪರೀಕ್ಷೆಯಷ್ಟೇ ನಡೆದು 24 ಮಂದಿಯಲ್ಲಿ ರೋಗ ಕಂಡಿತು. ಸಾವಿರ ಜನಸಂಖ್ಯೆಗೆ ಇಷ್ಟು ಪ್ರಕರಣ ಎಂಬ ವಾರ್ಷಿಕ ಸೂಚ್ಯಂಕ 5ರಿಂದ 2.4ಕ್ಕೆ ಇಳಿದಿದೆ, ರೋಗ ಅರ್ಧಕ್ಕೆ ಇಳಿಯಿತೆಂದು ವರದಿ ಬರೆಯಬಹುದು. ಆದರೆ ಪರೀಕ್ಷಿಸಿದವರಲ್ಲಿ ಸೋಂಕಿತರ ಪ್ರಮಾಣ ನೂರಕ್ಕೆ 5 ಇದ್ದದ್ದು 6ಕ್ಕೆ ಏರಿದೆ. ಎರಡೂ ಒಂದೇ ಕಡತದ ಅಂಕಿಗಳು, ಎರಡೂ ಸರಿಯಾದ ಗಣಿತ. ಯಾರನ್ನು ಪರೀಕ್ಷಿಸಲಾಯಿತು, ಯಾರನ್ನು ಬಿಡಲಾಯಿತು ಎಂಬುದನ್ನು ಲೆಕ್ಕದೊಳಕ್ಕೆ ತರದ ಹೊರತು ಈ ಎರಡರಲ್ಲಿ ಯಾವುದು ನಿಜವನ್ನು ಹೇಳುತ್ತಿದೆ ಎಂದು ತೀರ್ಮಾನಿಸಲಾಗದು. ಮಾದರಿಯ ಮೊದಲ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ. ಮಲೇರಿಯಾ ಅತಿ ಹೆಚ್ಚಿರುವ ಕಡೆಯೇ ದಾಖಲೆ ಅತಿ ದುರ್ಬಲವಾಗಿರುವುದು ಈ ಕೆಲಸವನ್ನು ಇನ್ನಷ್ಟು ಕಷ್ಟದ್ದಾಗಿಸಿದೆ.

ಮಲೇರಿಯಾಕ್ಕೆ ಗಣಿತವನ್ನು ತಂದವರು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡದ್ದಕ್ಕೆ ಅವರನ್ನು ನೆನೆಯುತ್ತೇವೆ, 1902ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಅವರ ಇನ್ನೊಂದು ಕೊಡುಗೆ ಅಷ್ಟೇ ದೊಡ್ಡದು. ಸೊಳ್ಳೆಯೇ ಕಾರಣವೆಂದು ತಿಳಿದ ಮೇಲೆ, ಜಗತ್ತಿನ ಸೊಳ್ಳೆಗಳನ್ನೆಲ್ಲ ಕೊಲ್ಲುವುದು ಸಾಧ್ಯವೇ ಎಂದು ಟೀಕಾಕಾರರು ಕೇಳತೊಡಗಿದರು. ಎಲ್ಲವನ್ನೂ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಕ್ಕೆ ತಂದರೆ ರೋಗ ತಾನಾಗಿಯೇ ನಂದಿಹೋಗುತ್ತದೆ ಎಂದು ರಾಸ್ ಸಮೀಕರಣಗಳ ಮೂಲಕ ತೋರಿಸಿದರು. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಡಿಮೆ ಜನರಿಗೆ ಸೋಂಕು ದಾಟಿದರೆ ಸರಪಳಿ ಕಡಿಯುತ್ತದೆ ಎಂಬ, ಕೋವಿಡ್ ಕಾಲದಲ್ಲಿ ಮನೆಮಾತಾದ ತರ್ಕದ ಬೇರು ಈ ವಾದದಲ್ಲಿದೆ.

1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಈ ಸಮೀಕರಣಗಳನ್ನು ಮುಂದುವರಿಸಿ, ಸೊಳ್ಳೆಯ ಸಂಖ್ಯೆಗಿಂತ ಅದರ ಆಯುಷ್ಯ ಮುಖ್ಯವೆಂಬ ಅನಿರೀಕ್ಷಿತ ಸಂಗತಿಯನ್ನು ಹೊರತೆಗೆದರು. ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಬರಿಯ ಬುದ್ಧಿಗೆ ಹೊಳೆಯದ್ದನ್ನು ಮಾದರಿ ಹೇಗೆ ತೋರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಸಿಗಲಾರದು. ಸೋಂಕಿತ ವ್ಯಕ್ತಿಯನ್ನು ಕಚ್ಚಿದ ಹೆಣ್ಣು ಅನಾಫಿಲಿಸ್ ಸೊಳ್ಳೆ ಕೂಡಲೇ ರೋಗ ಹರಡುವುದಿಲ್ಲ; ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲುಗ್ರಂಥಿಯನ್ನು ತಲುಪಬೇಕು. ಮಲೇರಿಯಾದ ಅತ್ಯಂತ ಮಾರಕ ಬಗೆಗೆ ಕಾರಣವಾದ ಫಾಲ್ಸಿಪಾರಂ ರೋಗಾಣುವಿನ ವಿಷಯದಲ್ಲಿ ಬಹುಕಾಲ ಬಳಕೆಯಲ್ಲಿರುವ ಸೂತ್ರವೊಂದರ ಪ್ರಕಾರ, 111ನ್ನು ಉಷ್ಣಾಂಶದಲ್ಲಿ 16 ಕಳೆದು ಉಳಿದದ್ದರಿಂದ ಭಾಗಿಸಿದರೆ ಬೇಕಾಗುವ ದಿನಗಳು ಸಿಗುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 12 ದಿನ, 20 ಡಿಗ್ರಿಯಲ್ಲಿ ಸುಮಾರು 28 ದಿನ. ಪ್ರತಿದಿನ ನೂರರಲ್ಲಿ 90 ಸೊಳ್ಳೆಗಳು ಬದುಕಿ ಉಳಿಯುತ್ತವೆ ಎಂದುಕೊಂಡರೆ, 12 ದಿನ ದಾಟುವವು ನೂರಕ್ಕೆ ಸುಮಾರು 28. ದಿನದ ಉಳಿವು 80ಕ್ಕೆ ಇಳಿದರೆ 12 ದಿನ ದಾಟುವವು ಸುಮಾರು 7 ಮಾತ್ರ. ದಾಟಿದವು ಮುಂದೆ ಬದುಕಿ ಕಚ್ಚುವ ದಿನಗಳೂ ಅರ್ಧಕ್ಕೆ ಇಳಿಯುವುದರಿಂದ, ಎರಡನ್ನೂ ಸೇರಿಸಿದರೆ ಹರಡುವ ಸಾಮರ್ಥ್ಯ ಸುಮಾರು ಒಂಬತ್ತನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ನೀರಿನಲ್ಲಿ ಮರಿಗಳನ್ನು ಕೊಂದು ಸೊಳ್ಳೆಗಳನ್ನು ಅರ್ಧಕ್ಕೆ ಇಳಿಸಿದರೆ ಹರಡುವಿಕೆಯೂ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ರಕ್ತ ಹೀರಿದ ಸೊಳ್ಳೆ ಹೋಗಿ ಕೂರುವ ಮನೆಯ ಗೋಡೆಗೆ ಡಿಡಿಟಿ ಬಳಿಯುವ ಕಾರ್ಯಕ್ರಮಕ್ಕೂ, ಇಂದಿನ ಕೀಟನಾಶಕ ಲೇಪಿತ ಸೊಳ್ಳೆಪರದೆಗೂ ತಾತ್ವಿಕ ಬೆಂಬಲ ಬಂದದ್ದು ಈ ಲೆಕ್ಕದಿಂದ.

ಸಮೀಕರಣ ಸರಿಯಿದ್ದರೂ ನೆಲದ ಮೇಲೆ ಫಲ ಸಿಗದೆ ಹೋಗಬಹುದು ಎಂಬುದನ್ನು ನೈಜೀರಿಯಾದ ಗರ್ಕಿ ಯೋಜನೆ ಕಲಿಸಿತು. 1969ರಿಂದ 1976ರವರೆಗೆ ಅಲ್ಲಿ ಮನೆಗಳಿಗೆ ಕೀಟನಾಶಕ ಸಿಂಪಡಿಸಲಾಯಿತು, ಕೆಲವು ಹಳ್ಳಿಗಳಲ್ಲಿ ಜನರಿಗೆಲ್ಲ ಔಷಧಿಯನ್ನೂ ಕೊಡಲಾಯಿತು. ಸೊಳ್ಳೆಗಳ ರೋಗ ಹರಡುವ ಸಾಮರ್ಥ್ಯ ಗಣನೀಯವಾಗಿ ಇಳಿದರೂ ಹರಡುವಿಕೆ ನಿಲ್ಲಲಿಲ್ಲ. ಒಬ್ಬ ಮನುಷ್ಯನಿಗೆ ವರ್ಷಕ್ಕೆ ನೂರಾರು ಸೋಂಕುಕಾರಕ ಕಡಿತಗಳು ಬೀಳುವ ಕಡೆ ಅವುಗಳನ್ನು ಹತ್ತನೆಯ ಒಂದಕ್ಕೆ ಇಳಿಸಿದರೂ ಉಳಿದವೇ ಪ್ರತಿಯೊಬ್ಬರಿಗೂ ಸೋಂಕು ತಗುಲಿಸಲು ಸಾಕು. ಕಡಿತಗಳ ಸಂಖ್ಯೆಗೂ ಸೋಂಕಿತರ ಪ್ರಮಾಣಕ್ಕೂ ಇರುವ ಸಂಬಂಧ ನೇರ ಗೆರೆಯಲ್ಲ, ಮೊದಲು ಕಡಿದಾಗಿ ಏರಿ ಆಮೇಲೆ ಚಪ್ಪಟೆಯಾಗುವ ವಕ್ರರೇಖೆ. ಈ ಯೋಜನೆಯ ಜೊತೆಯಲ್ಲೇ ಡೀಟ್ಸ್, ಮೋಲಿನೊ, ಥಾಮಸ್ ಎಂಬ ಮೂವರು ಮನುಷ್ಯರ ರೋಗನಿರೋಧಕ ಶಕ್ತಿಯನ್ನೂ ಸೇರಿಸಿಕೊಂಡ ಮಾದರಿಯನ್ನು ರೂಪಿಸಿ ಕ್ಷೇತ್ರದ ಅಂಕಿಗಳೊಂದಿಗೆ ಹೋಲಿಸಿ ನೋಡಿದರು. ವಿಫಲ ಯೋಜನೆಯೆಂದು ಹಲವರು ಬರೆದುಬಿಟ್ಟ ಗರ್ಕಿಯ ದತ್ತಾಂಶವನ್ನು ಸಂಶೋಧಕರು ದಶಕಗಳ ನಂತರವೂ ಬಳಸುತ್ತ ಬಂದಿದ್ದಾರೆ. ನನ್ನ ದೃಷ್ಟಿಯಲ್ಲಿ ಮಲೇರಿಯಾ ಅಧ್ಯಯನದ ಅತ್ಯಂತ ಉಪಯುಕ್ತ ವೈಫಲ್ಯ ಅದು.

ಇದುವರೆಗೆ ಹೇಳಿದ್ದು ರೋಗ ಹರಡುವ ಯಂತ್ರವನ್ನೇ ಬರೆದುತೋರಿಸುವ ಮಾದರಿಗಳ ಮಾತು. ಇಂದು ನಕ್ಷೆಗಳಲ್ಲಿ ಕಾಣುವ ಮಲೇರಿಯಾ ಹೆಚ್ಚಾಗಿ ಇನ್ನೊಂದು ಕುಲದ ಮಾದರಿಯಿಂದ ಬರುತ್ತದೆ, ಮತ್ತು ಅದರ ಮೂಲ ವಿಚಿತ್ರವಾಗಿ ಚಿನ್ನದ ಗಣಿಯಲ್ಲಿದೆ. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರೀಗೆ 1950ರ ದಶಕದ ಆರಂಭದಲ್ಲಿ, ಕೆಲವೇ ಕಡೆ ಕೊರೆದು ತೆಗೆದ ಕಲ್ಲಿನ ತುಣುಕುಗಳಿಂದ ನಡುವಿನ ಭೂಮಿಯಲ್ಲಿ ಎಷ್ಟು ಚಿನ್ನವಿದೆ ಎಂದು ಅಂದಾಜಿಸುವ ವಿಧಾನ ಕಂಡುಕೊಂಡರು. ಹತ್ತಿರದ ಜಾಗಗಳು ದೂರದವುಗಳಿಗಿಂತ ಹೆಚ್ಚು ಹೋಲುತ್ತವೆ ಎಂಬುದೇ ಅದರ ತಿರುಳು. ಚಿನ್ನದ ಬದಲು ಮಕ್ಕಳ ರಕ್ತದಲ್ಲಿನ ರೋಗಾಣುವನ್ನಿಟ್ಟರೆ ಇಂದಿನ ಮಲೇರಿಯಾ ನಕ್ಷೆಯ ಚೌಕಟ್ಟು ಸಿಗುತ್ತದೆ. ಸಾವಿರಾರು ಹಳ್ಳಿಗಳಲ್ಲಿ ನಡೆದ ರಕ್ತಸಮೀಕ್ಷೆಗಳು ಕೊರೆದ ಕುಳಿಗಳಿದ್ದಂತೆ. ನಡುವಿನ ಜಾಗಗಳನ್ನು ತುಂಬಲು ಉಪಗ್ರಹಗಳಿಂದ ಬಂದ ಮಳೆ, ಉಷ್ಣಾಂಶ, ಹಸಿರುಹೊದಿಕೆಯ ಮಾಹಿತಿ, ಎತ್ತರ, ನಗರದಿಂದ ದೂರ, ಸೊಳ್ಳೆಪರದೆಯ ಬಳಕೆ ಇವೆಲ್ಲವನ್ನೂ ಸೇರಿಸಿಕೊಳ್ಳಲಾಗುತ್ತದೆ. ಬೇಯ್ಸ್ ಪದ್ಧತಿಯಲ್ಲಿ, ಅಂದರೆ ಮೊದಲೇ ತಿಳಿದದ್ದನ್ನು ಹೊಸ ಪುರಾವೆ ಬಂದಂತೆ ತಿದ್ದಿಕೊಳ್ಳುತ್ತ ಹೋಗುವ ಕ್ರಮದಲ್ಲಿ, ನಕ್ಷೆಯ ಪ್ರತಿ ಚೌಕಕ್ಕೂ ಒಂದು ಸಂಖ್ಯೆಯ ಬದಲು ಸಂಭವನೀಯ ಸಂಖ್ಯೆಗಳ ಒಂದು ವ್ಯಾಪ್ತಿ ಸಿಗುತ್ತದೆ. ಸಮೀಕ್ಷೆ ನಡೆದ ಹಳ್ಳಿಯ ಸುತ್ತ ಈ ವ್ಯಾಪ್ತಿ ಕಿರಿದಾಗಿರುತ್ತದೆ, ಯಾರೂ ಹೋಗದ ಕಡೆ ಅಗಲವಾಗುತ್ತದೆ.

ಈ ಬಗೆಯ ಕೆಲಸಕ್ಕೆ ಹೆಸರಾದ ಮಲೇರಿಯಾ ಅಟ್ಲಾಸ್ ಪ್ರಾಜೆಕ್ಟ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2000ದಿಂದ 2015ರ ನಡುವೆ ಆಫ್ರಿಕಾದಲ್ಲಿ ಫಾಲ್ಸಿಪಾರಂ ಸೋಂಕಿನ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ನಿಯಂತ್ರಣ ಕ್ರಮಗಳು 66.3 ಕೋಟಿ ಪ್ರಕರಣಗಳನ್ನು ತಪ್ಪಿಸಿದ್ದವು, ಅದರಲ್ಲಿ ನೂರಕ್ಕೆ 68 ಭಾಗ ಸೊಳ್ಳೆಪರದೆಯದು. ತಪ್ಪಿಹೋದ ಪ್ರಕರಣವನ್ನು ಯಾವ ಆಸ್ಪತ್ರೆಯೂ ದಾಖಲಿಸಲಾರದು, ಏಕೆಂದರೆ ಅದು ನಡೆಯಲೇ ಇಲ್ಲ. ಪರದೆಗಳು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಇನ್ನೊಂದು ಲೋಕವನ್ನು ಮಾದರಿಯೊಳಗೆ ಕಟ್ಟಿ, ಅದನ್ನು ನಡೆದ ಲೋಕದೊಂದಿಗೆ ಹೋಲಿಸಿ ಈ ಅಂಕಿಯನ್ನು ಪಡೆಯಲಾಗಿದೆ. ಅಧ್ಯಯನ ಅದಕ್ಕೆ 54.2 ಕೋಟಿಯಿಂದ 75.3 ಕೋಟಿಯವರೆಗಿನ ವ್ಯಾಪ್ತಿಯನ್ನೂ ಕೊಟ್ಟಿತ್ತು. ಭಾಷಣಗಳಲ್ಲಿ ಉಳಿದುಕೊಂಡದ್ದು 66.3 ಮಾತ್ರ. ಪ್ರಬಂಧದಿಂದ ಪತ್ರಿಕೆಗೆ, ಪತ್ರಿಕೆಯಿಂದ ವೇದಿಕೆಗೆ ಹೋಗುವ ದಾರಿಯಲ್ಲಿ ಮೊದಲು ಕಳೆದುಹೋಗುವುದು ಯಾವಾಗಲೂ ಈ ವ್ಯಾಪ್ತಿಯೇ.

ವ್ಯಾಪ್ತಿಯನ್ನು ಇಟ್ಟುಕೊಂಡರೂ ಬಗೆಹರಿಯದ ಜಗಳಗಳಿವೆ. 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಭಾರತದಲ್ಲಿ ಎಪ್ಪತ್ತು ವಯಸ್ಸಿನೊಳಗಿನ ಸುಮಾರು 2.05 ಲಕ್ಷ ಮಂದಿ ವರ್ಷವೂ ಮಲೇರಿಯಾದಿಂದ ಸಾಯುತ್ತಿದ್ದಾರೆಂದು ಅಂದಾಜಿಸಿತು, ಕನಿಷ್ಠ 1.25 ಲಕ್ಷ, ಗರಿಷ್ಠ 2.77 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಆಗಿನ ಅಂದಾಜು ಸುಮಾರು 15,000. ಒಂದರ ವ್ಯಾಪ್ತಿಯ ಕೆಳತುದಿಯೂ ಇನ್ನೊಂದರ ಎಂಟು ಪಟ್ಟು. ಅಧ್ಯಯನದ ಆಧಾರ ಸತ್ತವರ ಮನೆಗೆ ಹೋಗಿ ಕೊನೆಯ ದಿನಗಳ ಲಕ್ಷಣಗಳನ್ನು ಕೇಳಿ ಬರೆದುಕೊಂಡು ವೈದ್ಯರಿಂದ ಕಾರಣ ಹೇಳಿಸುವ ಪದ್ಧತಿ. ಆಸ್ಪತ್ರೆ ಕಾಣದೆ ಸತ್ತವರೂ ಇದರಲ್ಲಿ ಲೆಕ್ಕಕ್ಕೆ ಬರುತ್ತಾರೆ ಎಂಬುದು ಅದರ ಬಲ; ತೀವ್ರ ಜ್ವರದಿಂದ ಬಂದ ಬೇರೆ ಸಾವುಗಳೂ ಮಲೇರಿಯಾದ ಖಾತೆಗೆ ಸೇರಿಹೋಗಬಹುದು ಎಂಬುದು ಅದರ ದೌರ್ಬಲ್ಯ. ಇನ್ನೊಂದು ಪದ್ಧತಿ ಪ್ರಕರಣಗಳ ಅಂದಾಜನ್ನು ಸಾವಿನ ದರದಿಂದ ಗುಣಿಸುತ್ತದೆ. ದಾಖಲೆಯ ಹೊರಗೆ ಸಾಯುವವರು ಹೆಚ್ಚಿದ್ದಷ್ಟೂ ಅದು ಕಡಿಮೆ ತೋರಿಸುವ ಅಪಾಯವಿದೆ. ಎರಡು ವರ್ಷಗಳ ನಂತರ ಇದೇ ಜಗಳ ಜಾಗತಿಕ ಮಟ್ಟದಲ್ಲಿ ಮರುಕಳಿಸಿತು. 2010ರ ಸಾವುಗಳು 6.55 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೆ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಆರೋಗ್ಯ ಮಾಪನ ಸಂಸ್ಥೆಯ ಸಂಶೋಧಕರು 12.4 ಲಕ್ಷ ಎಂದರು. ದೊಡ್ಡವರಲ್ಲಿ ಮಲೇರಿಯಾ ಸಾವು ಎಷ್ಟು ಎಂಬುದೇ ವ್ಯತ್ಯಾಸದ ಮುಖ್ಯ ತಾಣ. ಇಲ್ಲಿ ಯಾರೂ ಗಣಿತದಲ್ಲಿ ತಪ್ಪಿರಲಿಲ್ಲ. ಮಾದರಿ ಪ್ರಕಟಿಸುವ ವ್ಯಾಪ್ತಿ ತನ್ನ ಆಧಾರಕಲ್ಪನೆಗಳು ಸರಿಯೆಂದು ಒಪ್ಪಿಕೊಂಡ ಮೇಲಿನ ಅನಿಶ್ಚಿತತೆಯನ್ನು ಮಾತ್ರ ಹೇಳುತ್ತದೆ. ಕಲ್ಪನೆಯೇ ಬೇರೆಯಾದರೆ ಆಗುವ ವ್ಯತ್ಯಾಸ ಅದರಲ್ಲಿ ಸೇರಿರುವುದಿಲ್ಲ.

ನಕ್ಷೆಯ ಚೌಕಗಳು ಒಂದೆಡೆ ನಿಂತಿರುತ್ತವೆ, ಮನುಷ್ಯರು ನಿಲ್ಲುವುದಿಲ್ಲ. ಕೆನ್ಯಾದಲ್ಲಿ 2008ರ ಜೂನ್‌ನಿಂದ ಒಂದು ವರ್ಷ ಸುಮಾರು ಒಂದೂವರೆ ಕೋಟಿ ಮೊಬೈಲ್ ಚಂದಾದಾರರ ಕರೆಗಳು ಯಾವ ಗೋಪುರದಿಂದ ಹಾದವು ಎಂಬ ಅನಾಮಧೇಯ ಮಾಹಿತಿಯನ್ನು ಸೋಂಕಿನ ನಕ್ಷೆಯೊಂದಿಗೆ ಹೊಂದಿಸಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಿಕ್ಟೋರಿಯಾ ಸರೋವರದ ಸುತ್ತಲಿನ ಪ್ರದೇಶದಿಂದ ರಾಜಧಾನಿ ನೈರೋಬಿಗೆ ರೋಗಾಣು ಪ್ರಯಾಣಿಕರ ರಕ್ತದಲ್ಲಿ ಹೇಗೆ ಸಾಗುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಯಿತು. ಹೊರಗಿನಿಂದ ಬಂದ ಸೋಂಕು ಹೆಚ್ಚಿರುವ ಊರಿನಲ್ಲಿ ಸೊಳ್ಳೆ ನಿಯಂತ್ರಣಕ್ಕೆ ಎಷ್ಟು ಖರ್ಚು ಮಾಡಿದರೂ ಪ್ರಕರಣಗಳು ಶೂನ್ಯಕ್ಕೆ ಇಳಿಯಲಾರವು. ಖರ್ಚು ಮಾಡಬೇಕಾದದ್ದು ಸೋಂಕು ಹೊರಡುವ ಜಾಗದಲ್ಲಿ.

ಹವಾಮಾನದ ವಿಷಯದಲ್ಲಿ ಮಾದರಿಗಳು ಜನಪ್ರಿಯ ನಂಬಿಕೆಗಿಂತ ಎಚ್ಚರದಿಂದ ಮಾತನಾಡುತ್ತವೆ. ಬಿಸಿ ಹೆಚ್ಚಿದಷ್ಟೂ ಮಲೇರಿಯಾ ಹೆಚ್ಚುತ್ತದೆ ಎಂಬುದು ಸರಿಯಲ್ಲ. ಹರಡುವಿಕೆಗೆ ಅತ್ಯಂತ ಅನುಕೂಲಕರ ಉಷ್ಣಾಂಶ ಹಿಂದಿನ ಮಾದರಿಗಳು ಹೇಳಿದ್ದಂತೆ 31 ಡಿಗ್ರಿಯ ಆಸುಪಾಸಿನಲ್ಲಿಲ್ಲ, 25 ಡಿಗ್ರಿಯ ಸುತ್ತ ಇದೆ ಎಂದು 2013ರ ಒಂದು ಅಧ್ಯಯನ ತೋರಿಸಿತು. ಅದಕ್ಕಿಂತ ಹೆಚ್ಚು ಸೆಖೆಯಲ್ಲಿ ರೋಗಾಣು ಬೇಗ ಬೆಳೆದರೂ ಸೊಳ್ಳೆ ಇನ್ನೂ ಬೇಗ ಸಾಯುತ್ತದೆ. ಹಾಗಾಗಿ ತಾಪಮಾನ ಏರಿದರೆ ತಂಪಾದ ಎತ್ತರದ ನಾಡುಗಳಿಗೆ ಅಪಾಯ ಹೆಚ್ಚು, ಈಗಾಗಲೇ ಬಿಸಿಯಾಗಿರುವ ಬಯಲುಗಳಲ್ಲಿ ಕಡಿಮೆಯಾಗಲೂಬಹುದು. ಇಥಿಯೋಪಿಯಾ ಮತ್ತು ಕೊಲಂಬಿಯಾಗಳಲ್ಲಿ ಬೆಚ್ಚಗಿನ ವರ್ಷಗಳಲ್ಲಿ ರೋಗ ಹೆಚ್ಚು ಎತ್ತರಕ್ಕೆ ಹತ್ತುತ್ತದೆ ಎಂದು 2014ರಲ್ಲಿ ಕಂಡುಬಂದದ್ದು ಇದಕ್ಕೆ ಹೊಂದುತ್ತದೆ. ಬೋಟ್ಸ್‌ವಾನಾದಲ್ಲಿ ಋತುಮಾನದ ಹವಾಮಾನ ಮುನ್ಸೂಚನೆಗಳನ್ನು ಬಳಸಿದರೆ, ಬಿದ್ದ ಮಳೆಯನ್ನು ಅಳೆದು ಕೊಡುವ ಎಚ್ಚರಿಕೆಗಿಂತ ನಾಲ್ಕು ತಿಂಗಳಷ್ಟು ಮೊದಲೇ ಮಲೇರಿಯಾದ ಸುಳಿವು ಸಿಗಬಹುದೆಂದು 2006ರಲ್ಲಿ ತೋರಿಸಲಾಗಿತ್ತು. ಔಷಧಿ ಮತ್ತು ಕಿಟ್‌ಗಳನ್ನು ಸಾಗಿಸಲು ನಾಲ್ಕು ತಿಂಗಳು ಸಣ್ಣ ಅವಧಿಯಲ್ಲ.

ಆದರೆ ಇಂಥ ಮಾದರಿಗಳೆಲ್ಲ ಹಿಂದಿನ ಸಂಬಂಧಗಳು ಮುಂದೆಯೂ ಉಳಿಯುತ್ತವೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಪೂರ್ವ ಆಫ್ರಿಕಾದ ಜಿಬೂಟಿ ಆ ನಂಬಿಕೆಯನ್ನು ಒಡೆದ ದೇಶ. 2012ರಲ್ಲಿ ಅಲ್ಲಿ ವರದಿಯಾದ ಮಲೇರಿಯಾ ಪ್ರಕರಣಗಳು 27. ಅದೇ ವರ್ಷ ದಕ್ಷಿಣ ಏಷ್ಯಾ ಮೂಲದ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆ ಅಲ್ಲಿ ಪತ್ತೆಯಾಯಿತು. 2020ರ ಹೊತ್ತಿಗೆ ಪ್ರಕರಣಗಳು 73,000 ದಾಟಿದವು. ಈ ಸೊಳ್ಳೆ ನಗರದ ನೀರಿನ ತೊಟ್ಟಿ, ಡ್ರಮ್ಮುಗಳಲ್ಲಿ ಮೊಟ್ಟೆಯಿಡುತ್ತದೆ, ಒಣಕಾಲದಲ್ಲಿಯೂ ಬದುಕುತ್ತದೆ. ಆಫ್ರಿಕಾದ ನಗರಗಳೆಂದರೆ ಮಲೇರಿಯಾ ಕಡಿಮೆ, ಮಳೆಯಿಲ್ಲವೆಂದರೆ ಸೊಳ್ಳೆಯಿಲ್ಲ ಎಂದು ದಶಕಗಳ ದತ್ತಾಂಶದಿಂದ ಕಲಿತ ಮಾದರಿ ಇಂಥ ನಗರವನ್ನು ಆತ್ಮವಿಶ್ವಾಸದಿಂದ ಸುರಕ್ಷಿತವೆಂದು ತೋರಿಸುತ್ತದೆ, ಅದೂ ಕಿರಿದಾದ ವ್ಯಾಪ್ತಿಯೊಂದಿಗೆ.

ಮುನ್ನಂದಾಜು ತಪ್ಪಾಗುವುದೇ ಅದರ ಯಶಸ್ಸಾಗಿರುವ ಸಂದರ್ಭಗಳೂ ಇವೆ. ಕೋವಿಡ್‌ನ ಆರಂಭದಲ್ಲಿ, 2020ರ ಏಪ್ರಿಲ್‌ನಲ್ಲಿ, ಸೊಳ್ಳೆಪರದೆ ಹಂಚಿಕೆ ನಿಂತು ಔಷಧಿಗಳ ಲಭ್ಯತೆ ನೂರಕ್ಕೆ 75ರಷ್ಟು ಕುಸಿದರೆ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಆ ವರ್ಷ 7.69 ಲಕ್ಷ ಮಂದಿ ಮಲೇರಿಯಾದಿಂದ ಸಾಯಬಹುದೆಂಬ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ ಮುಂದಿಟ್ಟಿತು. ಪರದೆ ಹಂಚಿಕೆಯನ್ನು ನಿಲ್ಲಿಸಬೇಡಿ ಎಂಬ ಒತ್ತಾಯಕ್ಕೆ ಅದು ಬಲ ತಂದಿತು, ಹಲವು ದೇಶಗಳು ಮನೆಬಾಗಿಲಿಗೆ ಹೋಗಿ ಪರದೆ ಕೊಟ್ಟವು. ಆ ವರ್ಷದ ಜಾಗತಿಕ ಅಂದಾಜು 2021ರ ವರದಿಯಲ್ಲಿ, ಪರಿಷ್ಕೃತ ಲೆಕ್ಕದ ಪ್ರಕಾರ, 6.27 ಲಕ್ಷದಲ್ಲಿ ನಿಂತಿತು. ಅದು ಹಿಂದಿನ ವರ್ಷಕ್ಕಿಂತ ಹೆಚ್ಚೇ, ಆದರೆ ಭಯಪಟ್ಟಷ್ಟಲ್ಲ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಮಾದರಿಯ ದೋಷವೆಂದು ಎಣಿಸುವವರು, ಅದು ಏನೂ ಮಾಡದಿದ್ದರೆ ಆಗುವುದನ್ನು ಹೇಳಿತ್ತೇ ಹೊರತು ಆಗಿಯೇ ತೀರುವುದನ್ನಲ್ಲ ಎಂಬುದನ್ನು ಮರೆಯುತ್ತಾರೆ.

ಈಗ ಎದುರಾಗಿರುವ ತೊಂದರೆ ಗಣಿತದ್ದಲ್ಲ. ಆಫ್ರಿಕಾದ ಮಲೇರಿಯಾ ನಕ್ಷೆಗಳಿಗೆ ರಕ್ತಸಮೀಕ್ಷೆಯ ದತ್ತಾಂಶವನ್ನು ಹೆಚ್ಚಾಗಿ ಒದಗಿಸಿದ್ದು ಅಮೆರಿಕದ ನೆರವಿನಿಂದ 1984ರಲ್ಲಿ ಆರಂಭವಾದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳ ಕಾರ್ಯಕ್ರಮ. ಮನೆಮನೆಗೆ ಹೋಗಿ ಮಕ್ಕಳ ಬೆರಳು ಚುಚ್ಚಿ ಪರೀಕ್ಷಿಸುವುದು, ಎಷ್ಟು ಪರದೆಗಳಿವೆ, ನಿನ್ನೆ ರಾತ್ರಿ ಅವುಗಳಡಿ ಯಾರು ಮಲಗಿದ್ದರು ಎಂದು ಕೇಳುವುದು ಅದರ ಮಲೇರಿಯಾ ಸಮೀಕ್ಷೆಗಳ ಕೆಲಸವಾಗಿತ್ತು. 2025ರ ಫೆಬ್ರವರಿಯಲ್ಲಿ ಅಮೆರಿಕ ಆ ನೆರವನ್ನು ನಿಲ್ಲಿಸಿತು. ಆಮೇಲೆ ಕೆಲವು ಸಮೀಕ್ಷೆಗಳಿಗೆ ಬೇರೆ ಕಡೆಯಿಂದ ತಾತ್ಕಾಲಿಕ ಹಣ ಬಂತು. ಹೊಸ ರಕ್ತಪರೀಕ್ಷೆಗಳು ಬಾರದಿದ್ದರೂ ಮಾದರಿ ನಕ್ಷೆ ಬರೆಯುವುದನ್ನು ನಿಲ್ಲಿಸುವುದಿಲ್ಲ. ಉಪಗ್ರಹದ ಚಿತ್ರಗಳು ಬರುತ್ತಲೇ ಇರುತ್ತವೆ, ಬಣ್ಣಗಳು ಹಿಂದಿನಷ್ಟೇ ಹೊಳಪಾಗಿರುತ್ತವೆ, ವ್ಯಾಪ್ತಿ ಮಾತ್ರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ನಕ್ಷೆಯ ಜೊತೆಗೆ ಅದರ ಅನಿಶ್ಚಿತತೆಯ ನಕ್ಷೆಯನ್ನೂ ಮುದ್ರಿಸುವ ಪದ್ಧತಿ ಇನ್ನೂ ಎಲ್ಲ ಕಡೆ ಬಂದಿಲ್ಲ. ನನಗೆ ಅದೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಸೋಂಕಿನ ಪ್ರಮಾಣ ಒಂದು ಮಿತಿಯನ್ನು ದಾಟಿರುವ ಸಂಭವ ನೂರಕ್ಕೆ ತೊಂಬತ್ತೈದಿರುವ ಜಿಲ್ಲೆಗೆ ಪರದೆಗಳನ್ನು ಕಳಿಸಬಹುದು, ಐದೇ ಇರುವ ಜಿಲ್ಲೆಯನ್ನು ಸದ್ಯಕ್ಕೆ ಬಿಡಬಹುದು. ಐವತ್ತರ ಸುತ್ತ ತೂಗಾಡುತ್ತಿರುವ ಜಿಲ್ಲೆಗಳ ಬಗ್ಗೆ ಮಾದರಿ ಹೇಳುವುದು ಇಷ್ಟೇ: ತನಗೆ ಗೊತ್ತಿಲ್ಲ, ಮುಂದಿನ ಸಮೀಕ್ಷೆಯ ತಂಡ ಕಿಟ್‌ಗಳೊಂದಿಗೆ ಮೊದಲು ಅಲ್ಲಿಗೆ ಹೋಗಲಿ.